ನಿಮಗಿದು ಗೊತ್ತೆ? ಲೋಕಲ್ ರೈಲಿನ ಎರಡು ಊರುಗಳು

ಟೋಕಿಯೊ, ಮುಂಬೈ ಎರಡೂ ಬೆಳಗಾದರೆ ರೈಲನ್ನೇ ನಂಬಿ ಬದುಕುವ ಊರುಗಳು. ಟೋಕಿಯೊದಲ್ಲಿ ಎಷ್ಟೇ ನೂಕುನುಗ್ಗಲಿದ್ದರೂ ಬೋಗಿಯೊಳಗೆ ಫೋನಿನಲ್ಲಿ ಮಾತಾಡುವವರು ಅಪರೂಪ. ರೈಲು ತಡವಾದರೆ, ಆಫೀಸಿಗೋ ಶಾಲೆಗೋ ತೋರಿಸಲು ‘ತಡವಾಗಿದ್ದು ನಿಜ’ ಎಂಬ ಚೀಟಿಯನ್ನು ರೈಲ್ವೆಯವರೇ ಕೊಡುತ್ತಾರೆ. ಪ್ರಯಾಣಿಕರ ಮೇಲೆ ಎಂಥ ಕಾಳಜಿ!

ಮುಂಬೈ ಲೋಕಲ್‌ನಲ್ಲಿ ಭಜನಾ ಮಂಡಳಿಗಳ ತಾಳದ ಸದ್ದು ಕೇಳಿಸುತ್ತದೆ. ದಿನವೂ ಒಂದೇ ಬೋಗಿ ಹತ್ತುವವರು ದಸರೆಗೆ ಅದನ್ನು ಹೂವಿನಿಂದ ಸಿಂಗರಿಸಿ ಪೂಜೆ ಮಾಡುವುದೂ ಉಂಟು. ಮಹಿಳೆಯರ ಅನುಕೂಲದಲ್ಲಂತೂ ಮುಂಬೈಯದೇ ಮೇಲುಗೈ. ಟೋಕಿಯೊದಲ್ಲಿ ಮಹಿಳಾ ಬೋಗಿಗಳು ಹೆಚ್ಚಾಗಿ ದಟ್ಟಣೆಯ ಹೊತ್ತಿಗಷ್ಟೇ ಮೀಸಲು. ಮುಂಬೈಯಲ್ಲಿ ಅವು ದಿನವಿಡೀ ಇರುತ್ತವೆ. 1992ರಲ್ಲಿ ಚರ್ಚ್‌ಗೇಟ್‌–ಬೊರಿವಲಿ ನಡುವೆ ಇಡೀ ರೈಲನ್ನೇ ಮಹಿಳೆಯರಿಗೆಂದು ಓಡಿಸಲಾಯಿತು.