ಕಾಯಿಲೆಯ ದಿನಗಳಲ್ಲಿ ಸಂಬಳಕ್ಕೊಂದು ಆಸರೆ

ಗಂಭೀರ ಕಾಯಿಲೆಯು ಕುಟುಂಬಕ್ಕೆ ಎರಡು ಬಗೆಯ ನಷ್ಟವನ್ನು ತರುತ್ತದೆ. ಚಿಕಿತ್ಸೆಯ ವೆಚ್ಚ ಒಂದಾದರೆ, ಹಾಸಿಗೆ ಹಿಡಿದ ದಿನಗಳಲ್ಲಿ ನಿಂತುಹೋಗುವ ಸಂಬಳ ಇನ್ನೊಂದು. ಆರೋಗ್ಯ ವಿಮೆಯು ಮೊದಲನೆಯದನ್ನು ಭರಿಸಬಲ್ಲದು. ಮನೆ ಬಾಡಿಗೆ, ಶಾಲಾ ಶುಲ್ಕ, ಸಾಲದ ಕಂತುಗಳನ್ನು ಅದು ಕಟ್ಟುವುದಿಲ್ಲ. ಬೀದರ್, ಕಲಬುರಗಿ, ರಾಯಚೂರು ಕಡೆಗಳಿಂದ ಬಂದು ಹೈದರಾಬಾದಿನಲ್ಲಿ ನೆಲೆಸಿರುವ ಕುಟುಂಬಗಳಲ್ಲಿ ಒಬ್ಬರ ದುಡಿಮೆಯನ್ನೇ ನೆಚ್ಚಿಕೊಂಡವರು ಈ ಎರಡನೆಯ ನಷ್ಟದ ಬಗ್ಗೆ ಮೊದಲೇ ಯೋಚಿಸುವುದು ಒಳಿತು.

ಈ ನಷ್ಟವನ್ನು ತುಂಬಿಕೊಡುವ ಪ್ರಮುಖ ವ್ಯವಸ್ಥೆ ಇ.ಎಸ್.ಐ. ಇದು 1948ರ ಕಾಯ್ದೆಯಂತೆ ರೂಪುಗೊಂಡು, 1952ರ ಫೆಬ್ರವರಿ 24ರಂದು ಕಾನ್ಪುರ ಹಾಗೂ ದೆಹಲಿಯಲ್ಲಿ ಆರಂಭವಾಯಿತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಸ್ಥಾನದಲ್ಲಿ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಸನತ್‌ನಗರದ ಇ.ಎಸ್.ಐ. ಆಸ್ಪತ್ರೆಯನ್ನು ನಗರದವರೆಲ್ಲ ಬಲ್ಲರು. ಅದೇ ಯೋಜನೆಯು ಅನಾರೋಗ್ಯ ಭತ್ಯೆಯನ್ನೂ ನೀಡುತ್ತದೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

2019ರ ಜುಲೈನಲ್ಲಿ ನಿಗದಿಯಾದ ದರದಂತೆ ನೌಕರನ ವಂತಿಗೆ ವೇತನದ ಶೇ. 0.75, ಮಾಲೀಕರದು ಶೇ. 3.25. ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಸಂದಿದ್ದರೆ, ಅದಕ್ಕೆ ಹೊಂದಿದ ಸೌಲಭ್ಯ ಅವಧಿಯಲ್ಲಿ ಸರಾಸರಿ ದಿನಗೂಲಿಯ ಶೇ. 70ರಷ್ಟು ಭತ್ಯೆ ದೊರೆಯುತ್ತದೆ. ವರ್ಷಕ್ಕೆ ಗರಿಷ್ಠ 91 ದಿನ. ಸಾಮಾನ್ಯವಾಗಿ ಮೊದಲ ಎರಡು ದಿನಗಳಿಗೆ ಹಣವಿಲ್ಲ. ಕ್ಷಯ, ಕ್ಯಾನ್ಸರ್, ಪಾರ್ಶ್ವವಾಯು, ಮೂತ್ರಪಿಂಡ ವೈಫಲ್ಯ ಮೊದಲಾದ 34 ದೀರ್ಘಕಾಲದ ರೋಗಗಳಿಗೆ ಶೇ. 80ರ ದರದಲ್ಲಿ ಎರಡು ವರ್ಷಗಳವರೆಗೂ ನೆರವು ಸಿಗಬಹುದು. ಇದಕ್ಕೆ ಎರಡು ವರ್ಷಗಳ ನಿರಂತರ ಸೇವೆ ಹಾಗೂ ಹಿಂದಿನ ನಾಲ್ಕು ಅವಧಿಗಳಲ್ಲಿ 156 ದಿನಗಳ ವಂತಿಗೆ ಅಗತ್ಯ. ದಿನಕ್ಕೆ ಸರಾಸರಿ 600 ರೂ. ಗಳಿಸುವವರಿಗೆ ಮೊದಲನೆಯ ಬಗೆಯಲ್ಲಿ 420 ರೂ., ಎರಡನೆಯದರಲ್ಲಿ 480 ರೂ. ಸಲ್ಲುತ್ತದೆ.

2017ರ ಜನವರಿಯಲ್ಲಿ ಈ ಯೋಜನೆಯ ವೇತನ ಮಿತಿಯನ್ನು ತಿಂಗಳಿಗೆ 21,000 ರೂ.ಗೆ ಏರಿಸಲಾಯಿತು. ಸಂಬಳವು ಮಿತಿಯನ್ನು ದಾಟಿದಾಗ, ನಡೆಯುತ್ತಿರುವ ವಂತಿಗೆ ಅವಧಿ ಮುಗಿದೊಡನೆ ವಂತಿಗೆ ನಿಲ್ಲುತ್ತದೆ, ಮುಂದೆ ಸೌಲಭ್ಯವೂ ಕೊನೆಗೊಳ್ಳುತ್ತದೆ. ಬಡ್ತಿಯ ಸಂತೋಷದಲ್ಲಿ ಇದು ಹಲವರ ಗಮನಕ್ಕೇ ಬರುವುದಿಲ್ಲ.

ಅಂಥವರು ಖಾಸಗಿ ವಿಮೆಯತ್ತ ನೋಡಬೇಕಾಗುತ್ತದೆ. ಕಾಯಿಲೆ ಬಿದ್ದಾಗ ತಿಂಗಳು ತಿಂಗಳೂ ಸಂಬಳದಂತೆ ಹಣ ಕೊಡುವ ಪಾಲಿಸಿಗಳು ನಮ್ಮ ದೇಶದಲ್ಲಿ ವಿರಳ. ಅಪಘಾತ ವಿಮೆಯ ವಾರದ ಭತ್ಯೆಯು ಅಪಘಾತದ ಗಾಯಕ್ಕೆ ಮಾತ್ರ ಅನ್ವಯಿಸುತ್ತದೆ. ಗಂಭೀರ ಕಾಯಿಲೆ ಪಾಲಿಸಿಯಾದರೋ, ಪಟ್ಟಿಯಲ್ಲಿರುವ ರೋಗ ದೃಢಪಟ್ಟಾಗ ಇಡೀ ಮೊತ್ತವನ್ನು ಒಮ್ಮೆಗೇ ನೀಡುತ್ತದೆ. ಅದನ್ನು ಮನೆಖರ್ಚಿಗೂ ಬಳಸಬಹುದು. ಪಾಲಿಸಿ ಕೊಂಡ ಮೇಲೆ ಸಾಮಾನ್ಯವಾಗಿ 90 ದಿನಗಳ ಕಾಯುವ ಅವಧಿಯಿರುತ್ತದೆ. ಹಳೆಯ ಕಾಯಿಲೆಯನ್ನು ಅರ್ಜಿಯಲ್ಲಿ ಮುಚ್ಚಿಟ್ಟರೆ ಪರಿಹಾರವೇ ತಪ್ಪಿಹೋದೀತು.

ಆದ್ದರಿಂದ ಓದುಗರು ತಮ್ಮ ವೇತನ ಚೀಟಿಯಲ್ಲಿ ಇ.ಎಸ್.ಐ. ಕಡಿತವಿದೆಯೇ ಎಂದು ನೋಡಿಕೊಳ್ಳಲಿ. ಇಲ್ಲವಾದಲ್ಲಿ, ಕಾಯಿಲೆಯ ರಜೆಗೆ ಎಷ್ಟು ದಿನ ಪೂರ್ಣ ಸಂಬಳ ಸಿಗುತ್ತದೆಂದು ಕಚೇರಿಯಲ್ಲಿ ವಿಚಾರಿಸಲಿ. ಆ ದಿನಗಳು ಮುಗಿದ ಮೇಲೆ ಮನೆ ನಡೆಸಲು ತಿಂಗಳಿಗೆಷ್ಟು ಬೇಕೆಂಬ ಲೆಕ್ಕದ ಮೇಲೆಯೇ ಪಾಲಿಸಿಯ ಮೊತ್ತವನ್ನು ನಿರ್ಧರಿಸುವುದು ಸೂಕ್ತ.