ಹಿತ್ತಲಲ್ಲಿ ನಿಂತ ಮಾರುತಿ: ಗುಜರಿಗೋ, ರಸ್ತೆಗೋ?

ಸೂಡಿ: ಹಳೆಯ ಮಾರುತಿ ಕಾರೊಂದು ಕೆಟ್ಟು ಹಿತ್ತಲಲ್ಲಿ ನಿಂತರೆ ಅದರ ಮುಂದಿನ ಗತಿ ಬಹುತೇಕ ಒಂದೇ. ಮೊದಲು ಕೋಳಿಗಳು ಅದರಡಿ ಸೇರಿಕೊಳ್ಳುತ್ತವೆ. ಆಮೇಲೆ ಇಲಿಗಳು ವೈರು ಕಡಿಯುತ್ತವೆ. ಕೊನೆಗೆ ಒಂದು ದಿನ ಗುಜರಿಯವನು ಬಂದು, "ಇನ್ನ ಇದರಾಗ ಏನೈತ್ರಿ ಯಜಮಾನ್ರ, ಕೊಟ್ಟು ಕೈ ತೊಳಕೋರಿ" ಎನ್ನುತ್ತಾನೆ. ತೂಕದ ಲೆಕ್ಕ ಹಾಕಿ, ದುಡ್ಡು ಎಣಿಸಿ, ಹಗ್ಗ ಕಟ್ಟಿ ಎಳೆದುಕೊಂಡು ಹೋಗುತ್ತಾನೆ. ಮನೆಯವರಿಗೆ ಜಾಗ ಖಾಲಿಯಾದ ಸಮಾಧಾನ. ಆದರೆ ಗಾಡಿ ಹೋದರೂ ಸರಕಾರದ ದಫ್ತರಿನಲ್ಲಿ ಅದರ ಮಾಲಿಕರ ಹೆಸರು ಹಾಗೇ ಉಳಿದಿರುತ್ತದೆ ಎಂಬುದು ಎಷ್ಟು ಜನಕ್ಕೆ ಗೊತ್ತು?

ಹೀಗೆ ಕೊಟ್ಟುಬಿಡುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದುಂಟು. ಬೇರೆ ಸತ್ತ ಗಾಡಿಗಳ ಸಾಮಾನು ತಂದು ಹಾಕಿ ಇದನ್ನು ಮತ್ತೆ ರಸ್ತೆಗೆ ಇಳಿಸಬಹುದೇ? ಇಳಿಸಬಹುದು. ಆದರೆ ಯಾವ ಸಾಮಾನು ಹಳೆಯದು ನಡೆದೀತು, ಯಾವುದನ್ನು ಹಳೆಯದು ಹಾಕಲೇಬಾರದು, ಯಾವ ಕಾಗದ ಕೈಯಲ್ಲಿರಬೇಕು, ಈ ಮೂರು ತಿಳಿದವರಿಗೆ ಮಾತ್ರ ಅದು ಲಾಭ. ತಿಳಿಯದವರಿಗೆ ಮೂಗಿಗಿಂತ ಮೂಗುತಿ ಭಾರ.

ಹೆಸರು ನಮ್ಮದು, ಗಾಡಿ ಜಪಾನಿನದು

ಮಾರುತಿ ಎಂದು ನಮ್ಮ ಹನುಮಪ್ಪನ ಹೆಸರಿಟ್ಟರೂ ಕಾರಿನ ಮೂಲ ಜಪಾನಿನದು. 1982ರ ಅಕ್ಟೋಬರ್ 2ರಂದು ಮಾರುತಿ ಉದ್ಯೋಗ ಸಂಸ್ಥೆಗೂ ಜಪಾನಿನ ಸುಜುಕಿ ಕಂಪನಿಗೂ ಕರಾರಾಯಿತು. 1983ರ ಡಿಸೆಂಬರ್ 14ರಂದು ಆಗಿನ ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀಲಿಕೈಯನ್ನು ದೆಹಲಿಯ ಹರಪಾಲ್ ಸಿಂಗ್ ಅವರ ಕೈಗಿತ್ತರು. ಅಂದಿನ ಬೆಲೆ 50 ಸಾವಿರ ರೂಪಾಯಿಯ ಆಸುಪಾಸು. ಮೂರು ಸಿಲಿಂಡರಿನ 796 ಸಿ.ಸಿ. ಇಂಜಿನ್, ಮುಂದಿನ ಗಾಲಿಗಳೇ ಎಳೆಯುವ ರಚನೆ, ಅಂಬಾಸಿಡರಿನ ಮುಂದೆ ಹತ್ತಿಯಷ್ಟು ಹಗುರ. ಅಲ್ಲಿಂದ 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವವರೆಗೆ ಮೂವತ್ತು ವರ್ಷಗಳಲ್ಲಿ ಲಕ್ಷಗಟ್ಟಲೆ ಮಾರುತಿ 800 ಕಾರುಗಳು ಕಾರ್ಖಾನೆಯಿಂದ ಹೊರಬಿದ್ದವು.

ದೇಶಕ್ಕೇ ಮೊದಲನೆಯದಾದ ಆ ಕಾರಿಗೆ ಒದಗಿದ ಗತಿಯನ್ನೂ ಕೇಳಬೇಕು. ಹರಪಾಲ್ ಸಿಂಗ್ ಅವರು 2010ರಲ್ಲಿ ತೀರಿಕೊಳ್ಳುವವರೆಗೆ ಅದನ್ನು ಮಾರಲಿಲ್ಲ. ಅವರ ನಂತರ ಕಾರು ಮನೆಯ ಮುಂದೆ ಬಿಸಿಲು ಮಳೆಗೆ ತುಕ್ಕು ಹಿಡಿದು ನಿಂತಿತು. ಮುಂದೆ ಕಂಪನಿಯೇ ಅದನ್ನು ಒಯ್ದು, ಸಾಮಾನು ಹುಡುಕಿ ಹೊಂದಿಸಿ, ಮೊದಲಿನ ರೂಪಕ್ಕೆ ತಂದು ತನ್ನ ಮುಖ್ಯ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟಿದೆ. ಕಂಪನಿಗೆ ಸಾಧ್ಯವಾದದ್ದು ನಮ್ಮ ಗಜೇಂದ್ರಗಡದ, ರೋಣದ ಗ್ಯಾರೇಜುಗಳಲ್ಲಿ ಸಾಧ್ಯವೇ ಎಂದು ಮೂಗು ಮುರಿಯಬೇಕಿಲ್ಲ. ಪ್ರದರ್ಶನಕ್ಕಿಡುವ ಥಳಕು ಬರಲಿಕ್ಕಿಲ್ಲ. ಓಡಾಡುವ ಗಾಡಿ ಮಾತ್ರ ಖಂಡಿತ ಆಗುತ್ತದೆ.

ಇಂಜಿನ್ ಸುಲಭ, ತಗಡೇ ಕಷ್ಟ

ಸೂಡಿಯ ಒಬ್ಬ ರೈತರ ಹಿತ್ತಲಲ್ಲಿ 1996ರ ಮಾರುತಿ 800 ನಿಂತಿದೆ ಎಂದಿಟ್ಟುಕೊಳ್ಳಿ. ಅದರ ನಂಬರು ಕೆಎ 25. ಏಕೆಂದರೆ ಆಗ ನಾವೆಲ್ಲ ಧಾರವಾಡ ಜಿಲ್ಲೆ, ರೋಣ ತಾಲ್ಲೂಕು. 1997ರಲ್ಲಿ ಗದಗ ಜಿಲ್ಲೆಯಾಯಿತು, ನಂಬರು ಕೆಎ 26 ಬಂತು. ಮುಂದೆ ಗಜೇಂದ್ರಗಡ ಬೇರೆ ತಾಲ್ಲೂಕಾಯಿತು. ಗಾಡಿ ನಿಂತಲ್ಲೇ ನಿಂತಿದೆ, ಜಿಲ್ಲೆ ತಾಲ್ಲೂಕು ಎರಡೂ ಬದಲಾದವು!

ಇಂಥ ಗಾಡಿ ಎಬ್ಬಿಸಬೇಕೆಂದಾಗ ಎಲ್ಲರೂ ಹೆದರುವುದು ಇಂಜಿನ್ನಿಗೆ. ಹೆದರಬೇಕಾದದ್ದು ಅದಕ್ಕಲ್ಲ. ಅದೇ 796 ಸಿ.ಸಿ. ಜಾತಿಯ ಇಂಜಿನ್ನನ್ನು ಓಮ್ನಿ ವ್ಯಾನು 2019ರವರೆಗೂ, ಅದರದೇ ಬಳಗದ ಇಂಜಿನ್ನನ್ನು ಆಲ್ಟೋ 800 ಕಾರು 2023ರವರೆಗೂ ಹೊತ್ತು ತಿರುಗಿದವು. ಹೀಗಾಗಿ ಪಿಸ್ಟನ್, ರಿಂಗು, ಬೇರಿಂಗು, ಗ್ಯಾಸ್ಕೆಟ್ಟಿಗೆ ಇಂದಿಗೂ ಅಂಥ ಬರವಿಲ್ಲ. ಒಂದು ಎಚ್ಚರ ಮಾತ್ರ ಬೇಕು. ಓಮ್ನಿಯಲ್ಲಿ ಇಂಜಿನ್ ಮುಂದಿನ ಸೀಟಿನಡಿ ಕೂತು ಹಿಂದಿನ ಗಾಲಿ ತಿರುಗಿಸುತ್ತದೆ, 800ರಲ್ಲಿ ಅಡ್ಡಡ್ಡ ಕೂತು ಮುಂದಿನ ಗಾಲಿ ತಿರುಗಿಸುತ್ತದೆ. ಆದ್ದರಿಂದ ಓಮ್ನಿಯ ಗೇರ್‌ಬಾಕ್ಸ್ ಇದಕ್ಕೆ ಬಾರದು. "ಎಲ್ಲಾ ಒಂದೇ ರೀ, ಕೂಡ್ರತೈತಿ" ಎಂದವರ ಮಾತಿಗೆ ದುಡ್ಡು ಬಿಚ್ಚಬಾರದು.

ನಿಜವಾದ ಕಷ್ಟ ತಗಡಿನದು. ಈ ಕಾರಿಗೆ ಜೀಪಿನ ಹಾಗೆ ಪ್ರತ್ಯೇಕ ಚಾಸಿ ಎಂಬ ಕಬ್ಬಿಣದ ಏಣಿ ಇಲ್ಲ. ಮೈತಗಡೇ ಬೆನ್ನೆಲುಬು. ನಮ್ಮ ಕಡೆಯದು ಎರೆ ಭೂಮಿ. ಮಳೆಗಾಲದ ಎರೆಮಣ್ಣು ಗಾಡಿಯ ಅಡಿಗೆ ಮೆತ್ತಿದರೆ ಸುಮ್ಮನೆ ಉದುರುವುದಿಲ್ಲ. ವಾರಗಟ್ಟಲೆ ತಂಪು ಹಿಡಿದುಕೊಂಡು ತಗಡನ್ನು ಒಳಗೊಳಗೇ ತಿನ್ನುತ್ತದೆ. ಮೇಲಿಂದ ಬಣ್ಣ ಮಿಂಚುತ್ತಿರುತ್ತದೆ, ಕಾಲಡಿಯ ಚಾಪೆ ಎತ್ತಿದರೆ ರಸ್ತೆ ಕಾಣುತ್ತದೆ! ಬ್ಯಾಟರಿ ಕೂಡ್ರುವ ಜಾಗ, ಬಾಗಿಲಿನ ತಳ, ಹಿಂದಿನ ಗಾಲಿಯ ಕಮಾನು, ಮುಂದಿನ ಶಾಕ್ ಅಬ್ಸಾರ್ಬರು ಕೂಡ್ರುವ ಜಾಗ, ಈ ನಾಲ್ಕನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಬೇಕು. ಮೊದಲ ಮೂರು ತೂತಾಗಿದ್ದರೆ ಕೊಳೆತ ತಗಡು ಕತ್ತರಿಸಿ ಹೊಸ ತಗಡು ವೆಲ್ಡಿಂಗ್ ಮಾಡಿಸಬಹುದು. ನಾಲ್ಕನೆಯದು ಕೊಳೆತಿದ್ದರೆ ಖರ್ಚು ಮಾಡುವ ಮೊದಲು ಹತ್ತು ಸಲ ಯೋಚಿಸಬೇಕು. ತೂತಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವುದು ಹುಣ್ಣಿನ ಮೇಲೆ ಪೌಡರು ಹಚ್ಚಿದಂತೆ.

ಗುಜರಿಯಲ್ಲಿ ಏನು ತರಬೇಕು?

ಗುಜರಿಯ ಉಪಯೋಗ ಇಲ್ಲಿಯೇ. ಬಾಗಿಲು, ಬಾನೆಟ್ಟು, ಡಿಕ್ಕಿ ಬಾಗಿಲು, ಕಿಟಕಿ ಗಾಜು, ಸೀಟು, ಡ್ಯಾಶ್‌ಬೋರ್ಡು, ಹಿಡಿಕೆಗಳು, ಮೀಟರು, ಇವೆಲ್ಲ ಬೇರೆ ಗಾಡಿಯಿಂದ ಬಿಚ್ಚಿದ್ದಾದರೂ ಧಾರಾಳವಾಗಿ ನಡೆಯುತ್ತವೆ. ಸ್ಟಾರ್ಟರ್ ಮೋಟಾರು, ಆಲ್ಟರ್ನೇಟರುಗಳನ್ನು ಬ್ಯಾಟರಿಗೆ ಹಚ್ಚಿ ಪರೀಕ್ಷೆ ಮಾಡಿ ತರಬೇಕು. ಹುಬ್ಬಳ್ಳಿಯ ಗುಜರಿ ಅಂಗಡಿಗಳಲ್ಲಿ ಸಿಗದಿದ್ದರೆ ಬೆಂಗಳೂರಿನ ಶಿವಾಜಿನಗರದವರೆಗೂ ಹುಡುಕುವವರುಂಟು. ಹೋಗುವ ಮೊದಲು ಗಾಡಿ ಯಾವ ವರ್ಷದ್ದೆಂದು ಬರೆದುಕೊಂಡು ಹೋಗಬೇಕು. 1986ರಲ್ಲಿ ಈ ಕಾರಿನ ಮೈಕಟ್ಟೇ ಬದಲಾಯಿತು. ಅದಕ್ಕಿಂತ ಹಳೆಯ ಕಾರಿನ ಬಾಗಿಲು, ಗಾಜು, ದೀಪ ನಂತರದ್ದಕ್ಕೆ ಕೂಡ್ರುವುದಿಲ್ಲ, ನಂತರದ್ದು ಹಿಂದಿನದಕ್ಕೂ ಕೂಡ್ರುವುದಿಲ್ಲ. 2000ದ ಸುಮಾರಿಗೆ ಕಾರ್ಬುರೇಟರು ಹೋಗಿ ಇಂಜೆಕ್ಷನ್ ಬಂತು. ಅವೆರಡರ ವೈರಿಂಗು ಬೇರೆ ಬೇರೆ.

ಇನ್ನು ಗುಜರಿಯಿಂದ ತರಲೇಬಾರದ ಸಾಮಾನುಗಳ ಪಟ್ಟಿ. ಬ್ರೇಕಿನ ರಬ್ಬರು ಪೈಪು, ಗಾಲಿ ಸಿಲಿಂಡರಿನ ವಾಶರು, ಬ್ರೇಕ್ ಶೂ, ಸೀಟ್ ಬೆಲ್ಟು, ಟೈರು, ಸ್ಟೇರಿಂಗಿನ ಬಾಲ್ ಜಾಯಿಂಟು, ಇಂಜಿನ್ನಿನ ಟೈಮಿಂಗ್ ಬೆಲ್ಟು ಹೊಸದೇ ಆಗಬೇಕು. ಇವು ನೋಡಲು ಗಟ್ಟಿಯಿದ್ದರೂ ವಯಸ್ಸಾದ ಮೇಲೆ ಒಳಗೆ ಸತ್ತಿರುತ್ತವೆ. ನೂರಿನ್ನೂರು ರೂಪಾಯಿ ಉಳಿಸಲು ಹೋಗಿ ಗಜೇಂದ್ರಗಡದ ಗುಡ್ಡದ ಇಳಿಜಾರಿನಲ್ಲಿ ಬ್ರೇಕು ಕೈಕೊಟ್ಟರೆ ಆ ಉಳಿತಾಯ ಯಾರಿಗೆ?

ಪೆಟ್ರೋಲಿನ ಪೈಪೂ ಈ ಪಟ್ಟಿಗೇ ಸೇರಬೇಕು. ಈಗ ಬಂಕುಗಳಲ್ಲಿ ಸಿಗುವುದು ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಹಳೆಯ ಕಾಲದ ರಬ್ಬರನ್ನು ಕೆಡಿಸುತ್ತದೆ. ವರ್ಷಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ಮೊದಲೇ ಅಂಟು, ತುಕ್ಕು ಕೂತಿರುತ್ತದೆ. ಟ್ಯಾಂಕು ಇಳಿಸಿ ತೊಳೆದು, ಕಾರ್ಬುರೇಟರು ಬಿಚ್ಚಿ ಶುಚಿ ಮಾಡಿ, ಎಥನಾಲ್ ತಡೆಯುವ ಹೊಸ ಪೈಪು ಹಾಕದೆ ಚಾಲೂ ಮಾಡುವುದು ಬೆಂಕಿಯೊಡನೆ ಸರಸ.

ಒಂದು ವಹಿಯಲ್ಲಿ ಯಾವ ಸಾಮಾನು ಎಲ್ಲಿಂದ ಬಂತು, ಎಂದು ಹಾಕಿದ್ದು, ಹೊಸದೋ ಹಳೆಯದೋ ಎಂದು ಬರೆದಿಡುವುದು ಒಳ್ಳೆಯದು. ಹನ್ನೊಂದನೆಯ ಶತಮಾನದ ಜೋಡು ಕಳಸದ ಗುಡಿ, ನಾಗಕುಂಡ ಇರುವ ಊರಿನವರಿಗೆ ಈ ಮಾತು ಹೊಸದಾಗಬಾರದು. ಹಳೆಯ ಗುಡಿ ದುರಸ್ತಿ ಮಾಡುವವರು ಬಿದ್ದ ಕಲ್ಲನ್ನು ಅದರದೇ ಜಾಗಕ್ಕೆ ಕೂಡ್ರಿಸಬೇಕು, ಹೊಸ ಕಲ್ಲು ಇಟ್ಟರೆ ಅದು ಹೊಸದೆಂದು ದಾಖಲಿಸಬೇಕು. ಗುಡಿಗೆ ಯಾವ ನಿಯಮವೋ ಗಾಡಿಗೂ ಅದೇ ನಿಯಮ.

ನಂಬರೇ ಪ್ರಾಣ

ಸಾಮಾನು ಎಷ್ಟೇ ಬದಲಾಗಲಿ, ಕಾನೂನಿನ ಕಣ್ಣಿಗೆ ಗಾಡಿ ಎಂದರೆ ಅದರ ತಗಡಿನಲ್ಲಿ ಕುಟ್ಟಿದ ಚಾಸಿ ನಂಬರು. ಆ ನಂಬರಿನ ತುಂಡನ್ನು ಕತ್ತರಿಸಿ ಬೇರೆ ಗಾಡಿಗೆ ಬೆಸೆಯುವುದು ಅಪರಾಧ. ಎರಡು ಅರ್ಧ ಗಾಡಿಗಳನ್ನು ನಡುವೆ ಕೂಡಿಸಿ ಒಂದು ಮಾಡುವುದು ಅಪರಾಧದ ಜತೆ ಅಪಾಯವೂ ಹೌದು. ಇಂಜಿನ್ ಬದಲಿಸಿದರೆ ಆರ್‌ಟಿಓ ಅನುಮತಿ ಪಡೆದು ಹೊಸ ಇಂಜಿನ್ ನಂಬರನ್ನು ಆರ್‌ಸಿ ಪುಸ್ತಕದಲ್ಲಿ ಏರಿಸಬೇಕು. ಗುಜರಿಯಲ್ಲಿ ಇಂಜಿನ್ ಕೊಳ್ಳುವಾಗ ಅದು ಯಾವ ಗಾಡಿಯದು, ಆ ಗಾಡಿಯ ನೋಂದಣಿ ರದ್ದಾಗಿದೆಯೇ ಎಂದು ಕೇಳಿ ರಸೀದಿ ಪಡೆಯಬೇಕು. "ರಸೀದಿ ಯಾಕ ಬೇಕ್ರಿ, ನಮ್ಮ ಮ್ಯಾಲೆ ನಂಬಿಕಿ ಇಲ್ಲೇನು?" ಎಂದರೆ ಅಲ್ಲಿಂದ ಎದ್ದು ಬರುವುದೇ ಲೇಸು. ಕಳವಿನ ಗಾಡಿಯ ಇಂಜಿನ್ ಆಗಿದ್ದರೆ ಪೊಲೀಸರು ಬರುವುದು ಮಾರಿದವನ ಮನೆಗಲ್ಲ, ಕೊಂಡವನ ಮನೆಗೆ.

ಗುಜರಿಗೇ ಕೊಡುವುದಾದರೂ ಇದೇ ಮಾತು. ಗಾಡಿ ನಾಶವಾದರೆ ಅಥವಾ ಇನ್ನು ಉಪಯೋಗಕ್ಕೆ ಬಾರದಂತಾದರೆ 14 ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕೆಂದು ಮೋಟಾರು ವಾಹನ ಕಾಯಿದೆ ಹೇಳುತ್ತದೆ. 2021ರ ನಿಯಮದಂತೆ ನೋಂದಾಯಿತ ಗುಜರಿ ಕೇಂದ್ರಗಳಲ್ಲಿ ಕೊಟ್ಟರೆ ಠೇವಣಿ ಪ್ರಮಾಣಪತ್ರವೂ ಸಿಗುತ್ತದೆ. ಇದಾವುದೂ ಇಲ್ಲದೆ ಹಗ್ಗ ಕಟ್ಟಿ ಕಳಿಸಿದ ಗಾಡಿಯ ನಂಬರು ನಾಳೆ ಯಾವ ಊರಲ್ಲಿ ಯಾವ ಗಾಡಿಯ ಮೇಲೆ ಕಾಣಿಸೀತೋ ಬಲ್ಲವರಾರು?

ಲೆಕ್ಕ ಹಾಕಿ ಇಳಿಯಿರಿ

ಖಾಸಗಿ ಕಾರಿನ ನೋಂದಣಿ ಮೊದಲು 15 ವರ್ಷ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ನಮ್ಮ 1996ರ ಗಾಡಿಗೆ 2011, 2016, 2021, 2026 ಹೀಗೆ ವಾಯಿದೆ ಬರುತ್ತದೆ. 2022ರ ಏಪ್ರಿಲ್‌ಗೆ ಮೊದಲು 600 ರೂಪಾಯಿ ಇದ್ದ ನವೀಕರಣ ಶುಲ್ಕ ಆಗ 5 ಸಾವಿರಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ ಹೊರಟ ಕೇಂದ್ರದ ಅಧಿಸೂಚನೆ 20 ವರ್ಷ ದಾಟಿದ ಕಾರಿಗೆ ಅದನ್ನು 10 ಸಾವಿರ ಮಾಡಿತು. ವಾಯಿದೆ ಮೀರಿದ್ದರೆ ದಂಡ ಬೇರೆ. ಇದರ ಮೇಲೆ ವಿಮೆ, ಹೊಗೆ ತಪಾಸಣೆಯ ಚೀಟಿ, ಹೊಸ ಮಾದರಿಯ ಸುರಕ್ಷಿತ ನಂಬರು ಪ್ಲೇಟು. ಊರಿಗೆ ಬಂದವಳು ನೀರಿಗೆ ಬರಲೇಬೇಕು, ರಸ್ತೆಗೆ ಇಳಿದ ಗಾಡಿ ಆರ್‌ಟಿಓಗೆ ಹೋಗಲೇಬೇಕು. ಆದ್ದರಿಂದ ಟಿಂಕರಿಂಗಿಗೆ ಮುಂಗಡ ಕೊಡುವ ಮೊದಲು ಆರ್‌ಸಿ ಯಾರ ಹೆಸರಲ್ಲಿದೆ, ವಾಯಿದೆ ಎಂದು ಮುಗಿದಿದೆ, ದಂಡ ಎಷ್ಟಾಗಿದೆ ಎಂದು ಕೇಳಿ ತಿಳಿಯಬೇಕು. ತಂದೆ ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ ವರ್ಗವಾಗಬೇಕು. ಮೊದಲು ಕಾಗದ, ಆಮೇಲೆ ತಗಡು, ಕೊನೆಗೆ ಬಣ್ಣ. ನಮ್ಮವರು ಇದನ್ನು ತಿರುಗಾಮುರುಗಾ ಮಾಡುವುದರಿಂದಲೇ ಹೊಸ ಬಣ್ಣದ ಹಳೆ ಕಾರುಗಳು ಮತ್ತೆ ಹಿತ್ತಲು ಸೇರುತ್ತವೆ.

ಇಷ್ಟೆಲ್ಲ ತ್ರಾಸು ಯಾಕೆ, ಕಂತಿನ ಮೇಲೆ ಹೊಸ ಗಾಡಿ ತಗೊಂಡರಾಗದೇ ಎನ್ನುವವರಿದ್ದಾರೆ. ಆಗುವವರಿಗೆ ಆದೀತು. ಆದರೆ ಮಳೆ ನಂಬಿ ಬದುಕುವ ಒಣ ಬೇಸಾಯದ ಮನೆಗೆ ತಿಂಗಳ ಕಂತು ಎಂದರೆ ಕೊರಳಿಗೆ ಕಟ್ಟಿದ ಕಲ್ಲು. ರಾತ್ರಿ ಹೊತ್ತು ಬಾಣಂತಿಯನ್ನು ಗಜೇಂದ್ರಗಡದ ದವಾಖಾನೆಗೆ ಒಯ್ಯಲು, ವಯಸ್ಸಾದವರನ್ನು ಗದಗಿಗೆ ತೋರಿಸಿಕೊಂಡು ಬರಲು ಬಾಗಿಲಲ್ಲಿ ಒಂದು ಗಾಡಿ ಇದ್ದರೆ ಅದು ಶೋಕಿಯಲ್ಲ.

ಅಧಿಕಾರಿಗಳು ಮನಸ್ಸು ಮಾಡಿದರೆ ಈ ದಾರಿ ಸಲೀಸಾಗುತ್ತದೆ. ವಾಯಿದೆ ಮುಗಿದ ಗಾಡಿಯನ್ನು ತಪಾಸಣೆಗಾಗಿ ಗದಗಿನವರೆಗೆ ಒಯ್ಯುವುದೇ ದೊಡ್ಡ ತೊಡಕು. ಓಡಿಸಿದರೆ ತಪ್ಪು, ಹೊತ್ತುಕೊಂಡು ಹೋದರೆ ಖರ್ಚು. ಗಜೇಂದ್ರಗಡದಲ್ಲಿ ವರ್ಷಕ್ಕೆರಡು ದಿನ ಹಳೆಯ ಖಾಸಗಿ ಗಾಡಿಗಳ ತಪಾಸಣೆಗೆಂದೇ ಶಿಬಿರ ನಡೆಸಿದರೆ, ಅಲ್ಲಿಯೇ ಸತ್ತ ಗಾಡಿಗಳ ಆರ್‌ಸಿ ರದ್ದತಿಗೂ ಅರ್ಜಿ ಸ್ವೀಕರಿಸಿದರೆ, ಓಡುವ ಗಾಡಿ ನಿಯಮದಂತೆ ಓಡುತ್ತದೆ, ಓಡದ ಗಾಡಿ ನಿಯಮದಂತೆ ಗುಜರಿ ಸೇರುತ್ತದೆ. ಸಾರಿಗೆ ಇಲಾಖೆಯವರು, ಕ್ಷೇತ್ರದ ಶಾಸಕರು ಇತ್ತ ಗಮನ ಹರಿಸುವರೇ?

ಮಾಲಿಕರೂ ತಡಮಾಡುವಂತಿಲ್ಲ. 2029ರ ಹೊತ್ತಿಗೆ ಕೊನೆಯ ಮಾರುತಿ 800ಕ್ಕೂ 15 ವರ್ಷ ತುಂಬುತ್ತದೆ. ಆಮೇಲೆ ಗುಜರಿಗೆ ಬರುವ 800ಗಳೂ ಕಡಿಮೆಯಾಗುತ್ತವೆ, ಬಾಗಿಲು ಗಾಜು ಕೇಳಿದರೂ ಸಿಗುವುದಿಲ್ಲ. 50 ವರ್ಷ ದಾಟಿದ ಗಾಡಿಗೆ ಸರಕಾರ ವಿಂಟೇಜ್ ಎಂಬ ಮರ್ಯಾದೆ ಕೊಟ್ಟಿದೆ. ಮೊದಲ ಮಾರುತಿಗಳಿಗೆ ಆ ವಯಸ್ಸು ಬರುವುದು 2033ರ ಕೊನೆಗೆ. ನಮ್ಮ ಎರೆ ನಾಡಿನಲ್ಲಿ ಅಲ್ಲಿಯವರೆಗೆ ಎಷ್ಟು ಉಳಿದಾವು ಎಂಬುದು ಈಗ ಹಿತ್ತಲಿಗೆ ಹೋಗಿ ಚಾಪೆ ಎತ್ತಿ ನೋಡುವವರ ಕೈಯಲ್ಲಿದೆ.