ತಕ್ಕಡಿಗೆ ಹಾಕುವ ಮುನ್ನ: ಹಳೆಯ ಓಟದ ಮಾದರಿ ವಿಮಾನವನ್ನು ಗುರುತಿಸುವ ಬಗೆ

ಹಳೆಯ ಮನೆಯ ಅಟ್ಟವೋ ಕಾಲೇಜಿನ ಉಗ್ರಾಣವೋ ತೆರವಾದಾಗ ಹೊರಬರುವ ಸಾಮಾನುಗಳು ಬಹುಪಾಲು ಗುಜರಿ ವರ್ತಕರ ತಕ್ಕಡಿಯನ್ನು ಸೇರುತ್ತವೆ. ಹೊಸಪೇಟೆ, ಸಂಡೂರು, ಕಂಪ್ಲಿಗಳ ವರ್ತಕರಿಗೆ ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂಗಳ ದರ ನಾಲಿಗೆಯ ತುದಿಯಲ್ಲಿರುತ್ತದೆ. ಆದರೆ ಹಗುರವಾದ ಬಾಲ್ಸಾ ಮರದ ರೆಕ್ಕೆ, ಮೂತಿಗೆ ಬಿಗಿದ ಅಂಗೈಯಗಲದ ಎಂಜಿನ್ ಉಳ್ಳ ವಸ್ತುವೊಂದು ಬಂದರೆ, ಅದರ ಬೆಲೆ ತೂಕದಲ್ಲಿರುವುದಿಲ್ಲ. ಅದು ಯಾವುದು, ಯಾರು ತಯಾರಿಸಿದ್ದು, ಯಾವ ಕಾಲದ್ದು ಎಂಬ ಮೂರು ಪ್ರಶ್ನೆಗಳ ಉತ್ತರದಲ್ಲಿ ಇರುತ್ತದೆ.

ಕರ್ನಾಟಕಕ್ಕೆ ಇಂತಹ ವಸ್ತು ಅಪರಿಚಿತವಲ್ಲ. 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಸ್ಥಾಪನೆಯಾಯಿತು. ಎನ್‌ಸಿಸಿ ವಾಯು ವಿಭಾಗದ ಕೆಡೆಟ್‌ಗಳಿಗೆ ಮಾದರಿ ವಿಮಾನಗಳ ತಯಾರಿಕೆ ಮತ್ತು ಹಾರಾಟ ತರಬೇತಿಯ ಅಂಗವಾಗಿದೆ. ಅವುಗಳಲ್ಲಿ ಒಂದು ಪ್ರಕಾರವೇ ಕಂಟ್ರೋಲ್ ಲೈನ್ ವಿಮಾನ. ಚಾಲಕನು ವೃತ್ತದ ನಡುವೆ ನಿಂತು ಕೈಯಲ್ಲಿ ಹಿಡಿಕೆ ಹಿಡಿದಿರುತ್ತಾನೆ. ಅದಕ್ಕೆ ಜೋಡಿಸಿದ ಎರಡು ಸಪೂರ ಉಕ್ಕಿನ ತಂತಿಗಳ ತುದಿಯಲ್ಲಿ ವಿಮಾನ ಸುತ್ತುತ್ತದೆ.

ಇದರ ಓಟದ ಸ್ಪರ್ಧೆಗೆ ಟೀಮ್ ರೇಸಿಂಗ್ ಎಂದು ಹೆಸರು. ಮೂರು ವಿಮಾನಗಳು ಒಂದೇ ವೃತ್ತದಲ್ಲಿ ಏಕಕಾಲಕ್ಕೆ ಓಡುತ್ತವೆ. ಅಂತರರಾಷ್ಟ್ರೀಯ ವರ್ಗದಲ್ಲಿ ಎಂಜಿನ್ 2.5 ಸಿಸಿಗೆ ಸೀಮಿತ. ತಂತಿಯ ಉದ್ದ 15.92 ಮೀಟರ್ ಇರುವುದರಿಂದ ಹತ್ತು ಸುತ್ತಿಗೆ ಸರಿಯಾಗಿ ಒಂದು ಕಿಲೋಮೀಟರ್ ಆಗುತ್ತದೆ. ಪ್ರಾಥಮಿಕ ಸುತ್ತಿನ ಓಟ 100 ಸುತ್ತುಗಳದು. ಇಂಧನ ತೊಟ್ಟಿ ಮೊದಲಿಗೆ 10 ಸಿಸಿ ಇದ್ದು ನಂತರ 7 ಸಿಸಿಗೆ ಇಳಿಯಿತು. ನಡುವೆ ಇಳಿದು ಇಂಧನ ತುಂಬಿಸಿಕೊಳ್ಳಲೇಬೇಕಾದ್ದರಿಂದ, ವೇಗದಷ್ಟೇ ಮಿತವ್ಯಯವೂ ಗೆಲುವನ್ನು ನಿರ್ಧರಿಸುತ್ತದೆ.

ಗುರುತಿಸುವ ಕ್ರಮ

ಮೊದಲು ಎಡ ರೆಕ್ಕೆಯ ತುದಿಯನ್ನು ಪರೀಕ್ಷಿಸಬೇಕು. ಅಲ್ಲಿಂದ ಎರಡು ತಂತಿಗಳು ಹೊರಬಂದಿದ್ದು, ಒಳಗೆ ಬೆಲ್‌ಕ್ರ್ಯಾಂಕ್ ಎಂಬ ಸನ್ನೆಯ ಮೂಲಕ ಬಾಲದ ಎಲಿವೇಟರ್‌ಗೆ ಸಂಪರ್ಕವಿದ್ದರೆ ಅದು ಕಂಟ್ರೋಲ್ ಲೈನ್ ವಿಮಾನ. ಬಲ ರೆಕ್ಕೆಯ ತುದಿಯಲ್ಲಿ ಸಮತೋಲನಕ್ಕಾಗಿ ಇರಿಸಿದ ಸೀಸದ ತುಂಡೂ ಸಿಗಬಹುದು.

ಅನಂತರ ಅದು ಓಟದ್ದೇ ಎಂಬುದನ್ನು ನೋಡಬೇಕು. ಕೇವಲ ವೇಗಕ್ಕಾಗಿ ಮಾಡಿದ ಮಾದರಿಗೆ ಸಾಮಾನ್ಯವಾಗಿ ಚಕ್ರಗಳಿರುವುದಿಲ್ಲ. ಕಸರತ್ತಿನ ಮಾದರಿಗೆ ದಪ್ಪನೆಯ ದೊಡ್ಡ ರೆಕ್ಕೆ ಇರುತ್ತದೆ. ಟೀಮ್ ರೇಸಿಂಗ್ ವಿಮಾನವಾದರೋ ನಿಜವಾದ ವಿಮಾನವನ್ನು ಹೋಲಬೇಕೆಂಬ ನಿಯಮಕ್ಕೆ ಒಳಪಟ್ಟದ್ದು. ಚಾಲಕನ ಗೂಡು, ಸ್ಥಿರವಾದ ಚಕ್ರ, ಎಂಜಿನ್ನನ್ನು ಮುಚ್ಚುವ ಕವಚ ಇವು ಅದರ ಲಕ್ಷಣಗಳು. ಚಾಲಕನ ಸ್ಥಾನದಲ್ಲಿ ಒಡಲು ಕನಿಷ್ಠ 100 ಮಿ.ಮೀ. ಎತ್ತರ, 50 ಮಿ.ಮೀ. ಅಗಲ ಇರಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಅಳತೆಪಟ್ಟಿಯೊಂದಿದ್ದರೆ ಈ ಪರೀಕ್ಷೆ ಸುಲಭ.

ಬಾಲ್ಸಾ ಹಲಗೆಯ ಮೇಲೆ ಮುದ್ರಿತ ಭಾಗಸಂಖ್ಯೆಗಳಿದ್ದರೆ ಅದು ಕೀಲ್‌ಕ್ರಾಫ್ಟ್‌ನಂತಹ ಕಂಪನಿಯ ಕಿಟ್ ಆಗಿರಬಹುದು. ಇಲ್ಲದಿದ್ದರೆ ನಿಯತಕಾಲಿಕದ ನಕ್ಷೆಯನ್ನು ನೋಡಿ ಕೈಯಿಂದ ಕೊಯ್ದುದಾಗಿರಬಹುದು. ರೇಷ್ಮೆ ಅಥವಾ ತೆಳುಕಾಗದಕ್ಕೆ ಡೋಪ್ ಬಳಿದ ಹೊದಿಕೆ ಹಳೆಯ ಪದ್ಧತಿಯದು. ಇಸ್ತ್ರಿಯಿಂದ ಅಂಟಿಸುವ ಪ್ಲಾಸ್ಟಿಕ್ ಹೊದಿಕೆ ನಂತರದ ಕಾಲದ್ದು.

ಎಂಜಿನ್ನಿನ ಸಾಕ್ಷ್ಯ

ತಲೆಯ ಮೇಲೆ ಒತ್ತಡ ಹೊಂದಿಸುವ ತಿರುಪು ಇದ್ದು, ಪ್ಲಗ್ ಇಲ್ಲದಿದ್ದರೆ ಅದು ಮಾದರಿ ಡೀಸೆಲ್ ಎಂಜಿನ್. ಈಥರ್, ಸೀಮೆಎಣ್ಣೆ ಮತ್ತು ಹರಳೆಣ್ಣೆಯ ಮಿಶ್ರಣವೇ ಅದರ ಇಂಧನ. ಹರಳೆಣ್ಣೆ ಗಟ್ಟಿಯಾಗಿ ಎಂಜಿನ್ ಬಿಗಿದಿದ್ದರೆ ಬಲವಂತವಾಗಿ ತಿರುಗಿಸಬಾರದು.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಆಲಿವರ್ ಕುಟುಂಬ ತನ್ನ ಚಿಕ್ಕ ಕಾರ್ಯಾಗಾರದಲ್ಲಿ ತಯಾರಿಸಿದ 2.5 ಸಿಸಿಯ ಆಲಿವರ್ ಟೈಗರ್ 1950ರ ದಶಕದ ಓಟಗಳಲ್ಲಿ ಬಹು ಹೆಸರು ಗಳಿಸಿತು. ಆ ಕಾರಣದಿಂದಲೇ ಅದರ ಅನುಕರಣೆಗಳೂ ಹುಟ್ಟಿದವು. ಇಂಗ್ಲೆಂಡಿನ ಮಿಲ್ಸ್ ಎಂಜಿನ್ನಿನ ಪಡಿಯಚ್ಚುಗಳು ಭಾರತದಲ್ಲಿಯೂ ತಯಾರಾದವು. ಆದ್ದರಿಂದ ಆಕಾರವನ್ನು ಮಾತ್ರ ನೋಡಿ ತಯಾರಕನ ಹೆಸರು ಹೇಳುವುದು ಸರಿಯಲ್ಲ. ಒತ್ತಿದ ಅಕ್ಷರ, ಅಂಕಿಗಳನ್ನು ಓದಬೇಕು. ಎಂಜಿನ್ ಕೂರಿಸಿದ ಮರದ ಕಂಬಿಗಳಲ್ಲಿ ಹೆಚ್ಚುವರಿ ರಂಧ್ರಗಳಿದ್ದರೆ ಮೂಲ ಎಂಜಿನ್ ಬದಲಾಗಿರುವ ಸಂಭವವಿದೆ.

ನ್ಯಾಯಾಲಯದಲ್ಲಿ ಗೆದ್ದ ಹಳೆಯ ಕೆಲಸ

ಯಾರು, ಎಂದು ತಯಾರಿಸಿದರು ಎಂಬ ಪ್ರಶ್ನೆ ಎಷ್ಟು ದೊಡ್ಡದೆಂಬುದಕ್ಕೆ ಈ ವಿಮಾನಗಳ ಇತಿಹಾಸವೇ ನಿದರ್ಶನ. ಅಮೆರಿಕದ ಜಿಮ್ ವಾಕರ್ ಈ ನಿಯಂತ್ರಣ ವಿಧಾನದ ಪೇಟೆಂಟ್ ಹೊಂದಿದ್ದರು. ಅದನ್ನು ಉಲ್ಲಂಘಿಸಿದ್ದಾರೆಂದು ಅವರು ಲೆರಾಯ್ ಕಾಕ್ಸ್ ಎಂಬ ತಯಾರಕರ ಮೇಲೆ ದಾವೆ ಹೂಡಿದರು. 1955ರ ಆ ವಿಚಾರಣೆಯಲ್ಲಿ ಓಬಾ ಸೇಂಟ್ ಕ್ಲೇರ್ ಕಾಕ್ಸ್ ಪರವಾಗಿ ಸಾಕ್ಷಿ ನುಡಿದರು. ಅವರು 1936ರಲ್ಲಿಯೇ ಆರೆಗಾನ್ ರಾಜ್ಯದಲ್ಲಿ ಇಂತಹ ವ್ಯವಸ್ಥೆಯನ್ನು ರೂಪಿಸಿದ್ದರು. ಪೂರ್ವದಲ್ಲೇ ಆಗಿದ್ದ ಆ ಕೆಲಸ ರುಜುವಾತಾದುದರಿಂದ ವಾಕರ್ ತಮ್ಮ ಪೇಟೆಂಟನ್ನೇ ಕಳೆದುಕೊಂಡರು.

ಈ ಭಾಗದ ವರ್ತಕರಿಗೆ

ಹಂಪಿಯ ಆಸುಪಾಸಿನಲ್ಲಿ ಹಳೆಯ ವಸ್ತು ಎಂದೊಡನೆ ಕಾನೂನಿನ ಅಂಜಿಕೆ ಸಹಜ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯು ನಾಣ್ಯ, ವಿಗ್ರಹ ಮೊದಲಾದ 100 ವರ್ಷಕ್ಕೆ ಕಡಿಮೆಯಿಲ್ಲದ ವಸ್ತುಗಳಿಗೆ ಅನ್ವಯಿಸುತ್ತದೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಅಗತ್ಯ. 1950ರ ದಶಕದ ಮಾದರಿ ವಿಮಾನ ಆ ವ್ಯಾಪ್ತಿಗೆ ಬರುವುದಿಲ್ಲ. ಆದರೂ ಕೊಂಡ ದಿನಾಂಕ, ಕೊಟ್ಟವರ ವಿವರ, ಅಳತೆಪಟ್ಟಿಯೊಡನೆ ತೆಗೆದ ಛಾಯಾಚಿತ್ರ ಇವನ್ನು ಕಡತದಲ್ಲಿ ಇರಿಸುವುದು ಕ್ಷೇಮ. ಗುರುತು ಖಚಿತವಾಗುವವರೆಗೆ ಉಜ್ಜುವುದು, ಬಣ್ಣ ಬಳಿಯುವುದು ಸಲ್ಲದು, ಸಾಕ್ಷ್ಯವೇ ಅಳಿಸಿಹೋಗುತ್ತದೆ.

ತಯಾರಕರಿಗೂ ಇದರಲ್ಲಿ ಪಾಠವಿದೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತುದರಿಂದ ಅದರ ಹುಟ್ಟಿನ ನೆಲೆಗೆ ಕಾನೂನಿನ ರಕ್ಷಣೆ ಬಂದಿದೆ. ಲೇತ್ ಯಂತ್ರದಲ್ಲಿ ಬಿಡಿಭಾಗ ತಯಾರಿಸುವವರು ತಮ್ಮ ಹೆಸರು, ವರ್ಷ, ಕ್ರಮಸಂಖ್ಯೆ ಒತ್ತಲು ತಗಲುವ ಖರ್ಚು ಅಲ್ಪ. ಅದನ್ನು ಒತ್ತದೆ ಬಿಟ್ಟ ಸರಕು, ಎಷ್ಟೇ ಚೆನ್ನಾಗಿದ್ದರೂ, ಐವತ್ತು ವರ್ಷಗಳ ನಂತರ ತಕ್ಕಡಿಯಲ್ಲಿ ಬರಿಯ ಲೋಹವಾಗಿಯೇ ತೂಗಲ್ಪಡುತ್ತದೆ.